ಓದುಗರ ಪ್ರಶ್ನೆ: ಕಮಾಂಡೊ ಬಂದರೂ ಬಾಗಿಲು ಏಕೆ ಒಡೆಯುವುದಿಲ್ಲ?

ಪ್ರಶ್ನೆ: ಮೆಜೆಸ್ಟಿಕ್‌ನಲ್ಲಿ ಹಬ್ಬದ ದಿನ ಬಂದೂಕು ಹಿಡಿದು ನಿಲ್ಲುವವರೆಲ್ಲ ಗರುಡ ಪಡೆಯವರೇ?
– ಓದುಗರು, ಮಾಗಡಿ ರಸ್ತೆ

ಅಲ್ಲ. ಬಂದೋಬಸ್ತಿಗೆ ನಿಲ್ಲುವವರು ಸಾಮಾನ್ಯವಾಗಿ ಸಿಎಆರ್, ಇಲ್ಲವೇ ಕೆಎಸ್‌ಆರ್‌ಪಿಯವರು. ಸಿಎಆರ್ ನಗರ ಪೊಲೀಸ್ ಕಮಿಷನರ್ ಕೈಕೆಳಗಿನ ಸಶಸ್ತ್ರ ಮೀಸಲು ಪಡೆ. ಕೆಎಸ್‌ಆರ್‌ಪಿ ಇಡೀ ರಾಜ್ಯದ ಮೀಸಲು ಪೊಲೀಸ್ ಪಡೆ. ಗರುಡ ಆಂತರಿಕ ಭದ್ರತಾ ವಿಭಾಗದ ಕಮಾಂಡೊ ಪಡೆ. ಅದರ ತರಬೇತಿ ಕೇಂದ್ರ ಕೂಡ್ಲಿನಲ್ಲಿದೆ. 2008ರ ಮುಂಬೈ ದಾಳಿಯಲ್ಲಿ ಕೇಂದ್ರದ ಕಮಾಂಡೊ ಪಡೆ ಎನ್‌ಎಸ್‌ಜಿ ದೆಹಲಿ ಬಳಿಯ ಮಾನೇಸರದಿಂದ ಬಂದು ತಲುಪುವಷ್ಟರಲ್ಲಿ ಮರುದಿನ ಬೆಳಗಾಗಿತ್ತು. ರಾಜ್ಯಗಳು ತಮ್ಮದೇ ಪಡೆ ಕಟ್ಟಿಕೊಂಡದ್ದು ಆ ಪಾಠದಿಂದ. 2009ರಲ್ಲಿ ಎನ್‌ಎಸ್‌ಜಿ ನೆಲೆ ತೆರೆದ ನಾಲ್ಕು ನಗರಗಳ ಪಟ್ಟಿಯಲ್ಲಿ ಬೆಂಗಳೂರಿಲ್ಲ. ದಕ್ಷಿಣದಲ್ಲಿ ಚೆನ್ನೈ, ಹೈದರಾಬಾದ್ ಮಾತ್ರ.

ಪ್ರಶ್ನೆ: ಬಂದೂಕುಧಾರಿಯೊಬ್ಬ ಮನೆಯವರನ್ನು ಒತ್ತೆ ಇಟ್ಟುಕೊಂಡರೆ ಪೊಲೀಸರು ತಾಸುಗಟ್ಟಲೆ ಹೊರಗೇ ಕಾಯುವುದೇಕೆ?
– ಓದುಗರು, ಮತ್ತಿಕೆರೆ

ಒಳಗೆ ಗುಂಡು ಹಾರತೊಡಗಿದ್ದರೆ ಯಾರೂ ಕಾಯಬಾರದು, ಮೊದಲು ತಲುಪಿದವರೇ ನುಗ್ಗಬೇಕು. ಹಾಗಿಲ್ಲದಿದ್ದರೆ ಹೊತ್ತು ಕಳೆದಷ್ಟೂ ಲಾಭ ಪೊಲೀಸರಿಗೆ.

ಮೊದಲು ಬರುವ ‘ಹೊಯ್ಸಳ’ ಗಸ್ತು ವಾಹನದ ಪೊಲೀಸರ ಕೆಲಸ ಬೀದಿ ಮುಚ್ಚುವುದು. ಬಾಗಿಲು, ಕಿಟಕಿ, ತಾರಸಿಗಳನ್ನು ಕಾಯುವ ಒಳ ಸುತ್ತು ಒಂದು. ಜನ, ವಾಹನ ತಡೆದು ಆಂಬುಲೆನ್ಸ್‌ಗೆ ದಾರಿ ಬಿಡುವ ಹೊರ ಸುತ್ತು ಇನ್ನೊಂದು. ಎದುರುಬದುರು ನಿಂತು ಸುತ್ತುಗಟ್ಟಿದರೆ ನಮ್ಮವರ ಗುಂಡು ನಮ್ಮವರಿಗೇ ತಾಗುತ್ತದೆ. ಮಾತುಕತೆ ನಡೆಸುವ ಅಧಿಕಾರಿ ಬೇರೆ, ಆದೇಶ ಕೊಡುವವರು ಬೇರೆ ಇರಬೇಕು. ‘ಮೇಲಿನವರನ್ನು ಕೇಳಿ ಹೇಳ್ತೀನಿ’ ಎನ್ನಲು ಆಗಲೇ ಅವಕಾಶ.

ನುಗ್ಗುವ ತಂಡದಲ್ಲಿ ಗುರಾಣಿ ಹಿಡಿದವನು ಮುಂದೆ, ಬಂದೂಕಿನವರು ಅವನ ಬೆನ್ನಿಗೆ, ಬಾಗಿಲು ಒಡೆಯುವವನು ಪಕ್ಕದಲ್ಲಿ, ವೈದ್ಯಕೀಯ ತರಬೇತಿ ಪಡೆದವನು ಕೊನೆಯಲ್ಲಿ. ಎದುರು ಕಟ್ಟಡದಲ್ಲಿ ದೂರದಿಂದ ಗುರಿಯಿಟ್ಟು ಕೂತ ಸ್ನೈಪರ್ ಗುಂಡು ಹಾರಿಸುವುದಕ್ಕಿಂತ ನೋಡಿ ವರದಿ ಮಾಡುವುದೇ ಹೆಚ್ಚು.

ನಿಜವಾದ ತಲೆನೋವು ನಮ್ಮ ಬಾಗಿಲುಗಳು. ಬೆಂಗಳೂರಿನ ಎಷ್ಟೋ ಮನೆಗಳಿಗೆ ಹೊರಕ್ಕೆ ತೆರೆಯುವ ಕಬ್ಬಿಣದ ಗ್ರಿಲ್, ಅದರ ಹಿಂದೆ ಒಳಕ್ಕೆ ತೆರೆಯುವ ಮರದ ಬಾಗಿಲು. ಕೈಯಲ್ಲಿ ಹಿಡಿದು ಗುದ್ದುವ ಭಾರದ ಗುದ್ದುಗಂಬದಿಂದ ಮರದ ಬಾಗಿಲು ಒಡೆಯಬಹುದು. ಗ್ರಿಲ್‌ಗೆ ಗುದ್ದಿದರೆ ಬರೀ ಸದ್ದು. ಅದಕ್ಕೆ ಹೈಡ್ರಾಲಿಕ್ ಕಟರ್ ಬೇಕು. ಅಷ್ಟರಲ್ಲಿ ಒಳಗಿನವನು ಎಚ್ಚೆತ್ತಿರುತ್ತಾನೆ. ಕಿಟಕಿಗೂ ಸರಳು. 20x30 ಸೈಟಿನ ಮನೆಗಳು ಗೋಡೆಗೆ ಗೋಡೆ ತಾಗಿರುವುದರಿಂದ ಪಕ್ಕದ ತಾರಸಿಯಿಂದ ಇಳಿಯುವುದೇ ಎಷ್ಟೋ ಸಲ ಸಲೀಸು. ಹೊಸ್ತಿಲಲ್ಲಿ ಮಾತ್ರ ಯಾರೂ ನಿಲ್ಲಕೂಡದು, ಒಳಗಿನವನ ಬಂದೂಕು ನೆಟ್ಟಿರುವುದು ಅಲ್ಲಿಗೇ.

ಕಣ್ಣು ಕೋರೈಸಿ ಕಿವಿ ಕಿವುಡಾಗಿಸುವ ಸ್ಟನ್ ಗ್ರೆನೇಡ್ ಸುಮಾರು 170 ಡೆಸಿಬೆಲ್ ಸದ್ದು ಮಾಡುತ್ತದೆ. ಅದರ ಕಿಡಿಗೆ ಪರದೆ, ಹಾಸಿಗೆ ಹೊತ್ತಿಕೊಳ್ಳಬಹುದು. ಗ್ಯಾಸ್ ವಾಸನೆ ಬಂದರಂತೂ ಅದನ್ನು ಎಸೆಯುವಂತಿಲ್ಲ.

ಪ್ರಶ್ನೆ: ಬುಲೆಟ್ ಪ್ರೂಫ್ ಜಾಕೆಟ್ ಇದ್ದ ಮೇಲೆ ಭಯವೇಕೆ?
– ವಿದ್ಯಾರ್ಥಿ, ಕೆಂಗೇರಿ

ಮೆದು ಜಾಕೆಟ್ ತಡೆಯುವುದು ಪಿಸ್ತೂಲಿನ ಗುಂಡನ್ನು. ರೈಫಲ್ ಗುಂಡಿಗೆ ಜಾಕೆಟ್ಟಿನೊಳಗೆ ಗಟ್ಟಿ ಫಲಕ ಬೇಕು, ಅದೂ ಎದೆ, ಬೆನ್ನು ಮುಚ್ಚುತ್ತದೆಯೇ ಹೊರತು ಕತ್ತು, ಕಂಕುಳು, ತೊಡೆಯನ್ನಲ್ಲ.

ಪ್ರಶ್ನೆ: ಪಕ್ಕದ ಮನೆಯಲ್ಲೇ ಹೀಗಾದರೆ ನಾವೇನು ಮಾಡಬೇಕು?
– ಗೃಹಿಣಿ, ಬನಶಂಕರಿ

ವಿಡಿಯೊ ಹಾಕಬೇಡಿ, ಒಳಗಿನವನ ಕೈಯಲ್ಲೂ ಮೊಬೈಲ್ ಇರುತ್ತದೆ. ಉಗ್ರರ ವಿರುದ್ಧದ ಕಾರ್ಯಾಚರಣೆಯನ್ನು ಟಿವಿಯವರು ನೇರ ಪ್ರಸಾರ ಮಾಡುವುದಕ್ಕೆ 2015ರಿಂದಲೇ ನಿಷೇಧವಿದೆ. 112ಕ್ಕೆ ಕರೆ ಮಾಡಿ ಎಷ್ಟನೇ ಮಹಡಿ, ಒಳಗೆ ಎಷ್ಟು ಜನ, ಮಕ್ಕಳಿದ್ದಾರೆಯೇ, ನಾಯಿ ಇದೆಯೇ, ಗ್ರಿಲ್ ಯಾವ ಕಡೆಗೆ ತೆರೆಯುತ್ತದೆ, ತಾರಸಿ ಬಾಗಿಲು ತಗಡಿನದೋ ಮರದ್ದೋ ಎಂದು ತಿಳಿಸಿ. ಬೀಗದ ಕೀ ನಿಮ್ಮಲ್ಲಿದ್ದರೆ ಅದನ್ನೂ ಹೇಳಿ.