ಹೊಟ್ಟೆಯ ಆರೋಗ್ಯಕ್ಕೆ ಯಾವ ಅಣಬೆ ಪುಡಿ, ಯಾವ ಗಿಡಮೂಲಿಕೆ ಚಹಾ ಒಳ್ಳೆಯದು?

ತಿಂಗಳುಗಳಿಂದ ಹೊಟ್ಟೆ ಉಬ್ಬರ, ಒಂದು ದಿನ ಮಲಬದ್ಧತೆ, ಮರುದಿನ ಸಡಿಲ. ಅದಕ್ಕಾಗಿ ಅಣಬೆ ಪುಡಿಯನ್ನೂ ಗಿಡಮೂಲಿಕೆ ಚಹಾವನ್ನೂ ಒಟ್ಟಿಗೆ ಶುರುಮಾಡಬೇಕೆಂದಿದ್ದೀರಿ, ರಕ್ತದೊತ್ತಡ ಇರುವ ತಾಯಿಗೂ ಅದನ್ನೇ ಕೊಡಬಹುದೇ ಎಂದು ಕೇಳಿದ್ದೀರಿ. ಇನ್ನೂ ಕೊಂಡಿಲ್ಲವಾದರೆ ದಯವಿಟ್ಟು ಕೊಳ್ಳಬೇಡಿ. ನಾನು ಮಂಗಳೂರಿನಲ್ಲಿ ಕೂತು ಕೆಲಸ ಮಾಡುವವಳು. ಇದೇ ತೊಂದರೆಗೆ ಅಣಬೆ, ಗಿಡಮೂಲಿಕೆ ಚಹಾ ಎರಡನ್ನೂ ನಂಬಿ ಆಸ್ಪತ್ರೆ ಸೇರಿದವಳು.

ಕರುಳಿಗೆ ನಾರಿನಂಶ ಬೇಕು, ಅಣಬೆಯಲ್ಲಿ ಅದು ಇದೆ ಎಂದು ಓದಿದ್ದೆ. ಅದು ಸುಳ್ಳಲ್ಲ. ಅಣಬೆಯ ಕೋಶಗೋಡೆಯಲ್ಲಿರುವ ಬೀಟಾ ಗ್ಲುಕಾನ್ ಮತ್ತು ಕೈಟಿನ್ ಬಹುಪಾಲು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳು ಇಂಥ ನಾರನ್ನು ಹುದುಗಿಸಿ, ಕರುಳಿನ ಒಳಪದರಕ್ಕೆ ಆಹಾರವಾಗುವ ಬ್ಯುಟಿರೇಟ್‌ನಂಥ ಆಮ್ಲಗಳನ್ನು ತಯಾರಿಸುತ್ತವೆ. ಆದರೆ ಬಟನ್ ಅಣಬೆಯಲ್ಲಿ ಮ್ಯಾನಿಟಾಲ್ ಎಂಬ ಸಕ್ಕರೆಯ ಜಾತಿಯ ಪದಾರ್ಥವೂ ಹೇರಳವಾಗಿದೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಸಣ್ಣ ಕರುಳು ಅದನ್ನು ನಿಧಾನವಾಗಿ, ಅರ್ಧಂಬರ್ಧ ಹೀರಿಕೊಳ್ಳುತ್ತದೆ. ಉಳಿದದ್ದು ನೀರನ್ನು ಎಳೆದುಕೊಂಡು ಮುಂದೆ ಹೋಗಿ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಅನಿಲವಾಗುತ್ತದೆ. ಎಲ್ಲರಿಗೂ ಇದು ತೊಂದರೆ ಕೊಡುವುದಿಲ್ಲ. ಕರುಳು ಸೂಕ್ಷ್ಮವಾಗಿರುವವರಿಗೆ ಕೊಡುತ್ತದೆ. ನಾನಂತೂ ವಾರದ ಹೆಚ್ಚಿನ ರಾತ್ರಿ ಬಟನ್ ಅಣಬೆಯ ಸುಕ್ಕ, ಇಲ್ಲವೇ ಘೀ ರೋಸ್ಟ್ ಮಾಡಿಕೊಳ್ಳುತ್ತಿದ್ದೆ. ಎರಡಕ್ಕೂ ಕೈತುಂಬ ಈರುಳ್ಳಿ, ಬೆಳ್ಳುಳ್ಳಿ. ಅವುಗಳಲ್ಲಿರುವ ಫ್ರಕ್ಟಾನ್ ಎಂಬ ಜೀರ್ಣವಾಗದ ನಾರು ಕೂಡ ಇದೇ ರೀತಿ ಅನಿಲ ಹುಟ್ಟಿಸುತ್ತದೆ.

ಉಬ್ಬರ ಹೆಚ್ಚಿತು. ಅಣಬೆಯನ್ನು ಬಿಟ್ಟು ನೋಡಬೇಕಿತ್ತು, ನಾನು ಚಹಾ ಸೇರಿಸಿದೆ. ನನಗೆ ದುಬಾರಿಯಾದ ತಪ್ಪು ಇದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಪೊಟ್ಟಣದ ಮೇಲೆ ‘ಹೊಟ್ಟೆ ಶುದ್ಧಿ’ ಎಂದು ದಪ್ಪ ಅಕ್ಷರ, ತುಳಸಿ ಎಲೆಯ ಚಿತ್ರ. ರಾತ್ರಿ ಊಟದ ಮೇಲೆ ಒಂದು ಲೋಟ ಕುಡಿದರೆ ಬೆಳಿಗ್ಗೆ ಹೊಟ್ಟೆ ಖಾಲಿ, ಮೈ ಹಗುರ. ಖಾಲಿಯಾದದ್ದನ್ನೇ ಗುಣವಾದದ್ದು ಎಂದುಕೊಂಡೆ. ಸಂಜೆಗೆ ಮತ್ತೆ ಉಬ್ಬರ, ಏಕೆಂದರೆ ಅಣಬೆ ನಿಂತಿರಲಿಲ್ಲ. ರಾತ್ರಿ ಮತ್ತೆ ಚಹಾ. ಒಂದು ದಿನ ಕುಡಿಯದಿದ್ದರೆ ಮಲವಿಸರ್ಜನೆಯೇ ಇಲ್ಲ. ಅದನ್ನು ಚಹಾ ಬೇಕೇ ಬೇಕು ಎಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಂಡು ಎರಡು ಲೋಟಕ್ಕೆ ಏರಿಸಿದೆ. ತೂಕ ಇಳಿದಾಗ ಸಂತೋಷಪಟ್ಟೆ, ಹೋಗಿದ್ದದ್ದು ಬಹುಮಟ್ಟಿಗೆ ನೀರು. ಕಾಲಿನ ಮೀನಖಂಡ ಹಿಡಿದುಕೊಳ್ಳಲು ಶುರುವಾದಾಗ ಕಚೇರಿಯ ಮೆಟ್ಟಿಲು ಹತ್ತಿದ್ದರಿಂದ ಎಂದುಕೊಂಡೆ. ಎದೆ ಡವಡವ ಎಂದಾಗ ಮಾತ್ರ ಹೆದರಿ ವೈದ್ಯರ ಬಳಿ ಹೋದೆ.

ರಕ್ತದಲ್ಲಿ ಪೊಟ್ಯಾಸಿಯಮ್ 3.5ಕ್ಕಿಂತ ಕಡಿಮೆ ಇರಬಾರದು, ನನ್ನದು 2.9. ಮೀನಖಂಡ ಹಿಡಿದದ್ದೂ ಎದೆ ಡವಡವ ಎಂದದ್ದೂ ಅದರಿಂದಲೇ. ವೈದ್ಯರು ಏನು ತಿನ್ನುತ್ತೀರಿ ಎಂದು ಕೇಳಿ ಮುಗಿಸಲಿಲ್ಲ, ಏನು ಕುಡಿಯುತ್ತೀರಿ ಎಂದೂ ಕೇಳಿದರು, ಪೊಟ್ಟಣವನ್ನು ತರಿಸಿದರು. ಬದಿಯಲ್ಲಿ ಸಾಸಿವೆಗಾತ್ರದ ಅಕ್ಷರಗಳಲ್ಲಿ ತುಳಸಿ, ಶುಂಠಿ, ಬಡೇಸೊಪ್ಪುಗಳ ಕೊನೆಗೆ ಸೆನ್ನಾ ಎಲೆ ಎಂದಿತ್ತು. ಅದು ಸೋನಾಮುಖಿ, ಭೇದಿಯ ಔಷಧ. ಅದರಲ್ಲಿರುವ ಸೆನ್ನೊಸೈಡ್‌ಗಳನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಡೆದ ಮೇಲೆ ಕೆಲಸ ಶುರುವಾಗುತ್ತದೆ. ಅದಕ್ಕೇ ರಾತ್ರಿ ಕುಡಿದರೆ ಬೆಳಿಗ್ಗೆ ಪರಿಣಾಮ. ಕರುಳು ಜೋರಾಗಿ ಹಿಂಡುತ್ತದೆ, ನೀರನ್ನು ಹೀರಿಕೊಳ್ಳುವುದಿಲ್ಲ, ಆ ನೀರಿನೊಂದಿಗೆ ಪೊಟ್ಯಾಸಿಯಮ್ ಹೊರಗೆ ಹೋಗುತ್ತದೆ. ಮಲಬದ್ಧತೆಗೆ ನಾಲ್ಕು ದಿನ ಕೊಡುವುದಕ್ಕೆ ಅದು ಒಳ್ಳೆಯ ಔಷಧವೇ. ಒಂದು ವಾರ ಮೀರಿ ವೈದ್ಯರನ್ನು ಕೇಳದೆ ತೆಗೆದುಕೊಳ್ಳುವಂಥದ್ದಲ್ಲ. ಅದನ್ನು ಚಹಾ ಎಂದು ಮಾರುತ್ತಾರಲ್ಲ, ಅದರ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. ಕೆಲವು ಪೊಟ್ಟಣಗಳಲ್ಲಿ ಕ್ಯಾಸಿಯಾ ಎಂಬ ಸಸ್ಯನಾಮ ಮಾತ್ರ ಇರುತ್ತದೆ, ಅದನ್ನೂ ಹುಡುಕಿ ನೋಡಿ.

ಗಿಡಮೂಲಿಕೆ ತಾನೇ, ಏನಾಗುತ್ತದೆ ಎನ್ನುವ ಮಾತು ನಮ್ಮೂರಿನವರ ಬಾಯಲ್ಲಿ ಬರಲೇಬಾರದು. ಆಟಿ ಎಂಬ ತುಳು ತಿಂಗಳ ಅಮಾವಾಸ್ಯೆಯಂದು ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತೇವೆ. ವರ್ಷಕ್ಕೆ ಒಂದೇ ದಿನ, ಸ್ವಲ್ಪವೇ, ಮೇಲೆ ಮೆಂತೆ ಗಂಜಿ. ಮರದ ಗುರುತು ತಿಳಿದವರೇ ತೊಗಟೆ ತರಬೇಕು. ತಪ್ಪಿ ಕಾಸರಕದ ತೊಗಟೆ ಬಂದರೆ ಅದರಲ್ಲಿರುವ ಸ್ಟ್ರಿಕ್ನೀನ್ ಪ್ರಾಣ ತೆಗೆಯುತ್ತದೆ. ಎಷ್ಟು, ಯಾವಾಗ, ಯಾವ ಮರ ಎಂಬ ಮೂರನ್ನೂ ಹಿರಿಯರು ಬಿಗಿಯಾಗಿ ಹಿಡಿದಿದ್ದರು. ನಾವು ಪೊಟ್ಟಣ ಕೊಂಡು ಮೂರನ್ನೂ ಬಿಟ್ಟುಬಿಟ್ಟಿದ್ದೇವೆ.

ಈಗ ನಿಮ್ಮ ಪ್ರಶ್ನೆ. ಯಾವ ಪುಡಿ, ಯಾವ ಚಹಾ ಎಂಬ ಆಯ್ಕೆಯೇ ಬೇಡ ಎನ್ನುತ್ತೇನೆ. ಕರುಳು ತೊಳೆದು ಶುದ್ಧ ಮಾಡಬೇಕಾದ ಪಾತ್ರೆಯಲ್ಲ. ಉಬ್ಬರಕ್ಕೆ ಹೊಸದೇನನ್ನೋ ಸೇರಿಸುವ ಮೊದಲು ಈಗ ತಿನ್ನುತ್ತಿರುವುದರಲ್ಲಿ ಒಂದನ್ನು ತೆಗೆದು ನೋಡಿ, ಒಂದನ್ನೇ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಫೋಡ್‌ಮ್ಯಾಪ್ ಪಥ್ಯ ಇದೇ ದಾರಿಯದು: ಅನಿಲ ಮಾಡುವ ಆಹಾರಗಳನ್ನು ಕೆಲವು ವಾರ ನಿಲ್ಲಿಸಿ, ಆಮೇಲೆ ಒಂದೊಂದಾಗಿ ಮರಳಿ ತರುವುದು. ಆಹಾರತಜ್ಞರೊಬ್ಬರ ಜೊತೆ ಕೂತು ಮಾಡಿ. ನಾನು ಹಾಗೆಯೇ ಮಾಡಿದೆ. ಬಟನ್ ಅಣಬೆ ಈಗಲೂ ಆಗುವುದಿಲ್ಲ, ಮ್ಯಾನಿಟಾಲ್ ಕಡಿಮೆ ಇರುವ ಚಿಪ್ಪಣಬೆ ಆಗುತ್ತದೆ. ಮಳೆಗಾಲದ ಆರಂಭದಲ್ಲಿ ಮಾರುಕಟ್ಟೆಗೆ ಬರುವ ಕಲ್ಲಣಬೆಯನ್ನು ಸ್ವಲ್ಪ ತಿನ್ನುತ್ತೇನೆ, ಅದೂ ಕತ್ತರಿಸಿದಾಗ ಒಳಗೆ ಬೆಳ್ಳಗಿರುವ ಎಳೆಯದನ್ನು ಮಾತ್ರ. ರುಚಿಗಾಗಿ ತಿನ್ನುವುದು, ಔಷಧವೆಂದಲ್ಲ. ಅಣಬೆ ಪುಡಿಗಳಂತೂ ಬೇಡವೇ ಬೇಡ. ಅವುಗಳ ಹೊಗಳಿಕೆಗೆ ಆಧಾರವಾದ ಪ್ರಯೋಗಗಳಲ್ಲಿ ಬಹಳಷ್ಟು ಇಲಿಗಳ ಮೇಲೆ ನಡೆದವು, ಕೆಲವು ಪುಡಿಗಳಲ್ಲಿ ಅಣಬೆಗಿಂತ ಅದನ್ನು ಬೆಳೆಸಿದ ಧಾನ್ಯದ ಪಿಷ್ಟವೇ ಹೆಚ್ಚು.

ಬಿಸಿಯಾಗಿ ಏನಾದರೂ ಕುಡಿಯಬೇಕೆನಿಸಿದರೆ ಶುಂಠಿ ಜಜ್ಜಿ ಕುದಿಸಿ. ಹೊಟ್ಟೆಯಿಂದ ಆಹಾರ ಮುಂದೆ ಸಾಗಲು, ವಾಕರಿಕೆ ತಗ್ಗಲು ಅದು ನೆರವಾಗುತ್ತದೆ. ಪುದೀನ ಕರುಳಿನ ಸ್ನಾಯುಗಳನ್ನು ಸಡಿಲಿಸುತ್ತದೆ, ಆದರೆ ಅನ್ನನಾಳದ ಕೆಳಗಿನ ಬಾಗಿಲನ್ನೂ ಸಡಿಲಿಸುವುದರಿಂದ ಹುಳಿತೇಗು ಇರುವವರಿಗೆ ಎದೆಯುರಿ ಹೆಚ್ಚುತ್ತದೆ. ಬಡೇಸೊಪ್ಪಿನ ಕಷಾಯ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ, ಗಟ್ಟಿಯಾಗಿ ಕುದಿಸಿದರೆ ಅದರಲ್ಲಿಯೂ ಫ್ರಕ್ಟಾನ್ ಇಳಿಯುತ್ತದೆ. ನನಗೆ ಒಗ್ಗಿದ್ದು ರಾತ್ರಿಯ ಕುಚ್ಚಲಕ್ಕಿ ಗಂಜಿ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಇವುಗಳಲ್ಲಿ ಒಂದಿದ್ದರೂ ಪಥ್ಯದ ಪ್ರಯೋಗ ಬಿಟ್ಟು ಮೊದಲು ವೈದ್ಯರನ್ನು ಕಾಣಿ.

ನಿಮ್ಮ ತಾಯಿಗೆ ಮಾತ್ರ ಖಂಡಿತ ಕೊಡಬೇಡಿ. ಇಂಥ ಚಹಾಗಳಲ್ಲಿ ಸಿಹಿಗಾಗಿ ಜೇಷ್ಠಮಧು ಹಾಕುವುದುಂಟು. ಅದರಲ್ಲಿರುವ ಗ್ಲಿಸರೈಜಿನ್ ರಕ್ತದೊತ್ತಡವನ್ನು ಏರಿಸುತ್ತದೆ, ಪೊಟ್ಯಾಸಿಯಮ್ ಇಳಿಸುತ್ತದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಕೊಡುತ್ತಾರೆ, ಅವುಗಳಲ್ಲಿ ಹಲವು ಪೊಟ್ಯಾಸಿಯಮ್ ಅನ್ನು ಮೊದಲೇ ಕಡಿಮೆ ಮಾಡಿರುತ್ತವೆ. ಅವರು ಈಗಾಗಲೇ ಕುಡಿಯಲು ಶುರುಮಾಡಿದ್ದರೆ ನಿಲ್ಲಿಸಿ, ಪೊಟ್ಟಣವನ್ನೂ ಮಾತ್ರೆಯ ಚೀಟಿಯನ್ನೂ ಅವರ ವೈದ್ಯರಿಗೆ ತೋರಿಸಿ, ಪೊಟ್ಯಾಸಿಯಮ್ ಪರೀಕ್ಷೆ ಮಾಡಿಸಲು ಕೇಳಿ.