ಏಜೆಂಟರ ಪಟ್ಟಿ ಪಕ್ಕಕ್ಕಿಡಿ, ಲೈಸೆನ್ಸ್ ಬಗ್ಗೆ ಕೇಳಿ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: ಮಗಳು ನೀಟ್ ಪಾಸಾಗಿದ್ದಾಳೆ, ಆದರೆ ಸರ್ಕಾರಿ ಸೀಟು ಸಿಗುವ ರ‍್ಯಾಂಕ್ ಅಲ್ಲ. ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡಿಲ್ಲ. ಏಜೆಂಟರೊಬ್ಬರು ಜಾರ್ಜಿಯಾದ ಕಾಲೇಜೊಂದನ್ನು ತೋರಿಸಿ 'ಎನ್‌ಎಂಸಿ ಅಪ್ರೂವ್ಡ್, ಡಬ್ಲ್ಯುಎಚ್‌ಒ ಮಾನ್ಯತೆ ಇದೆ' ಅನ್ನುತ್ತಿದ್ದಾರೆ. ಮುಂದಿನ ವಾರ ಅಡ್ವಾನ್ಸ್ ಕಟ್ಟಬೇಕು. ನಂಬಬಹುದಾ?

ಆ ಮಾತನ್ನು ನಂಬಬೇಡಿ. ಕಾಲೇಜು ಕೆಟ್ಟದ್ದು ಅಂತಲ್ಲ, ಹೇಳಿದ ಮಾತಿಗೇ ಅರ್ಥವಿಲ್ಲ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, ವಿದೇಶಿ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟು ಪಟ್ಟಿ ಮಾಡುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಕಾಲೇಜುಗಳಿಗೆ ಮಾನ್ಯತೆ ಕೊಡುವುದಿಲ್ಲ. ವೈದ್ಯಕೀಯ ಕಾಲೇಜುಗಳ ವಿಶ್ವ ಡೈರೆಕ್ಟರಿ ಅಂತ ಒಂದಿದೆ, ಅದರಲ್ಲಿ ಹೆಸರಿದೆ ಅಂತಲೂ ತೋರಿಸುತ್ತಾರೆ. ಅದು ಇರಬೇಕು, ಸರಿ. ಆದರೆ ಹೆಸರಿದ್ದ ಮಾತ್ರಕ್ಕೆ ಮಾನ್ಯತೆ ಬಂತು ಅಂತಲ್ಲ.

ಹಾಗಾದರೆ ನೋಡಬೇಕಾದದ್ದು ಏನು? 2021ರ ನವೆಂಬರ್ 18ರಿಂದ ಜಾರಿಯಲ್ಲಿರುವ ಎನ್‌ಎಂಸಿ ನಿಯಮ. ಕೋರ್ಸು ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷಿನಲ್ಲಿರಬೇಕು, ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್ಪನ್ನು ಅದೇ ಸಂಸ್ಥೆಯಲ್ಲೇ ಮಾಡಬೇಕು. ಜೊತೆಗೆ ಓದಿದ ದೇಶದಲ್ಲಿ ಅಲ್ಲಿನವರಿಗೆ ಸಿಗುವಂಥದ್ದೇ ವೈದ್ಯ ಲೈಸೆನ್ಸ್ ನಿಮ್ಮ ಮಗಳಿಗೂ ಸಿಗುವಂತಿರಬೇಕು. ಈ ಕೊನೆಯದನ್ನು ಏಜೆಂಟರು ಹೇಳುವುದೇ ಇಲ್ಲ, ಆದರೆ ಮಕ್ಕಳು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಫಿಲಿಪೀನ್ಸ್‌ನಲ್ಲಿ ಆದದ್ದು ನೋಡಿ. ನಮ್ಮ ಮಕ್ಕಳು ಅಲ್ಲಿಗೆ ಸಾವಿರಾರು ಸಂಖ್ಯೆಯಲ್ಲಿ ಹೋಗುತ್ತಿದ್ದರು. ಅಲ್ಲಿ ಮೊದಲು ಬಿಎಸ್ ಅನ್ನುವ ವಿಜ್ಞಾನ ಪದವಿ, ಆಮೇಲೆ ನಾಲ್ಕು ವರ್ಷದ ಎಂಡಿ, ಅಂದರೆ ಅಲ್ಲಿನ ವೈದ್ಯ ಪದವಿ. ಬಿಎಸ್ ಓದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಎನ್‌ಎಂಸಿ ಹೇಳಿತು. ಉಳಿದದ್ದು 48 ತಿಂಗಳು. ಆರು ತಿಂಗಳು ಕಡಿಮೆ! ಸಾಲ ಮಾಡಿ ಕಳಿಸಿದ ಅಪ್ಪ ಅಮ್ಮಂದಿರಿಗೆ ಈ ಲೆಕ್ಕವನ್ನು ಮೊದಲೇ ಯಾರೂ ಹೇಳಿರಲಿಲ್ಲ. ಅದರ ಮೇಲೆ, ಅಲ್ಲಿನ 1959ರ ಕಾಯ್ದೆಯಲ್ಲಿ ವಿದೇಶಿಯರಿಗೆ ಲೈಸೆನ್ಸ್ ಸುಲಭವಾಗಿ ಸಿಗುತ್ತಿರಲಿಲ್ಲ.

ಈಗ ಜಾರ್ಜಿಯಾಕ್ಕೆ ಬರೋಣ. ಕೋರ್ಸು ಆರು ವರ್ಷ, ಇಂಗ್ಲಿಷಿನಲ್ಲಿ ಕಲಿಸುವ ಕಾಲೇಜುಗಳಿವೆ. ಆದರೆ ಡಿಗ್ರಿ ಕೈಗೆ ಬಂದ ತಕ್ಷಣ ಅಲ್ಲಿ ಸ್ವತಂತ್ರವಾಗಿ ವೈದ್ಯರಾಗಲು ಆಗುವುದಿಲ್ಲ. ಮೊದಲು ಜೂನಿಯರ್ ಡಾಕ್ಟರ್, ಹಿರಿಯರ ಕೈಕೆಳಗೆ ಕೆಲಸ. ರೆಸಿಡೆನ್ಸಿ, ಅಂದರೆ ಡಿಗ್ರಿ ನಂತರದ ಆಸ್ಪತ್ರೆ ತರಬೇತಿ, ಮುಗಿಸಿ ಸರ್ಕಾರಿ ಪರೀಕ್ಷೆ ಪಾಸಾದ ಮೇಲೇ ಸ್ವತಂತ್ರ ಲೈಸೆನ್ಸ್. ಹಾಗಾಗಿ ಏಜೆಂಟರನ್ನು ಬಿಟ್ಟು ಕಾಲೇಜಿಗೇ ಮೇಲ್ ಮಾಡಿ: ಆರನೇ ವರ್ಷ ಮುಗಿದಾಗ ಯಾವ ಪತ್ರ ಕೊಡುತ್ತೀರಿ, 12 ತಿಂಗಳ ಇಂಟರ್ನ್‌ಶಿಪ್ ಆರು ವರ್ಷದ ಒಳಗೋ ಹೊರಗೋ, ಯಾವ ಆಸ್ಪತ್ರೆಯಲ್ಲಿ? ಬರುವ ಉತ್ತರವನ್ನು ಎನ್‌ಎಂಸಿಗೂ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ಕಳಿಸಿ, ಇದು ನಡೆಯುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ. ಅದೇ ಕಾಲೇಜಲ್ಲಿ ಓದಿ, 2021ರ ನಂತರ ಸೇರಿ, ಇಲ್ಲಿ ನೋಂದಣಿ ಆದವರು ಯಾರಾದರೂ ಸಿಕ್ಕರೆ ಫೋನಲ್ಲಿ ಮಾತಾಡಿ. ಏಜೆಂಟರು ಕೊಟ್ಟ ನಂಬರು ಬೇಡ, ನೀವೇ ಹುಡುಕಿ.

ವಾಪಸು ಬಂದ ಮೇಲೆ ಎಫ್‌ಎಂಜಿಇ ಇದೆ, ಅಂದರೆ ವಿದೇಶದಲ್ಲಿ ವೈದ್ಯಕೀಯ ಓದಿದವರು ಇಲ್ಲಿ ಪಾಸಾಗಬೇಕಾದ ಪರೀಕ್ಷೆ. 300 ಪ್ರಶ್ನೆ, 150 ಸರಿ ಆಗಬೇಕು, ವರ್ಷಕ್ಕೆ ಎರಡು ಸಲ. ಎಷ್ಟೋ ಸಲ ಐದು ಜನಕ್ಕೆ ಒಬ್ಬರಷ್ಟೇ ಪಾಸಾಗಿದ್ದಾರೆ. ಪಾಸಾದರೂ ಇಲ್ಲಿ ಮತ್ತೆ ಒಂದು ವರ್ಷ ಇಂಟರ್ನ್‌ಶಿಪ್. ಅಂದರೆ ಆರು ವರ್ಷದ ಫೀಸಿನ ಲೆಕ್ಕ ಸಾಲದು, ಎಂಟು ವರ್ಷ ಮನೆಯಿಂದ ಖರ್ಚು ಕೊಡಬೇಕಾಗಬಹುದು ಅಂತ ಹಾಕಿಕೊಳ್ಳಿ.

ಇಷ್ಟು ಓದಿ ಆಸೆ ಬಿಡಬೇಡಿ. ವಿದೇಶದಲ್ಲಿ ಓದಿ ಬಂದು ನಮ್ಮ ಊರುಗಳಲ್ಲೇ ಚೆನ್ನಾಗಿ ನೋಡುವ ಡಾಕ್ಟರುಗಳಿದ್ದಾರೆ. ಆದರೆ ಭಾಷೆಯ ಬಗ್ಗೆ ಒಂದು ಮಾತು: ಪಾಠ ಇಂಗ್ಲಿಷಿನಲ್ಲಿ ಆದರೂ ವಾರ್ಡಿನಲ್ಲಿ ರೋಗಿ ಮಾತಾಡುವುದು ಜಾರ್ಜಿಯನ್. ಎಲ್ಲಿ ನೋವು, ಯಾವಾಗಿಂದ ಅಂತ ಕೇಳಲು ಬಾರದವರು ಸುಮ್ನೆ ಹಿಂದೆ ನಿಂತು ನೋಡಿ ಬರುತ್ತಾರೆ, ಅದರ ಪೆಟ್ಟು ಎಫ್‌ಎಂಜಿಇಯಲ್ಲಿ ಬೀಳುತ್ತದೆ. ಹೋಗುವುದು ನಿಜವಾದರೆ ಮಗಳು ಈಗಲೇ ಆ ಲಿಪಿ ಕಲಿಯಲು ಶುರು ಮಾಡಲಿ. 33 ಅಕ್ಷರ ಅಷ್ಟೇ, ನಮ್ಮ ವರ್ಣಮಾಲೆಗಿಂತ ಕಡಿಮೆ. ಅಡ್ವಾನ್ಸ್ ಮಾತ್ರ ಆ ಮೇಲ್‌ಗೆ ಉತ್ತರ ಬರುವವರೆಗೆ ಕಟ್ಟಬೇಡಿ. ಉತ್ತರ ಬಂದಾಗ ನಮಗೂ ಒಂದು ಪ್ರತಿ ಕಳಿಸಿ, ಕೂತು ಓದೋಣ.