ಮತ ಹಾಕುವವರಿಗೆ ಆಟ ತಿಳಿಯದೇ?

ಒಹಾಯೋದಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: ‘ಅಮೆರಿಕದಲ್ಲಿ ಎರಡು ಲೀಗ್‌ಗಳ ಆಯ್ದ ಆಟಗಾರರು ಎದುರಾಗುವ ಬೇಸ್‌ಬಾಲ್ ಆಲ್‌ಸ್ಟಾರ್ ಪಂದ್ಯಕ್ಕೆ ಆರಂಭಿಕ ಆಟಗಾರರನ್ನು ಅಭಿಮಾನಿಗಳೇ ಮತ ಹಾಕಿ ಆರಿಸುತ್ತಾರೆ. ಹೆಸರು ನೋಡಿ ಒತ್ತುವವರೇ ಹೆಚ್ಚು. ಇದನ್ನು ಆಟ ಬಲ್ಲ ಪರಿಣತರ ಸಮಿತಿಗೆ ಒಪ್ಪಿಸುವುದು ಮೇಲಲ್ಲವೇ?’

ಉತ್ತರ: ಅಂಕಿಅಂಶಗಳನ್ನು ಶ್ರದ್ಧೆಯಿಂದ ಓದುವವರ ಪತ್ರ ಇದು ಎಂಬುದು ಮೊದಲ ಸಾಲಿನಲ್ಲೇ ತಿಳಿಯುತ್ತದೆ. ನಿಮ್ಮ ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ಅಭಿಮಾನಿಗಳ ಮತಕ್ಕೆ ಹತ್ತಿದ ದೊಡ್ಡ ಕಳಂಕ ನಿಮ್ಮ ಒಹಾಯೋದ್ದೇ. 1957ರಲ್ಲಿ ಸಿನ್ಸಿನಾಟಿಯ ಪತ್ರಿಕೆಯೊಂದು ಊರಿನ ರೆಡ್ಸ್ ತಂಡದ ಹೆಸರುಗಳಿಗೆ ಗುರುತು ಹಾಕಿಯೇ ಮತಪತ್ರ ಅಚ್ಚು ಹಾಕಿತು. ಜನ ಅದನ್ನು ಹಾಗೇ ಅಂಚೆಗೆ ಹಾಕಿದರು. ನ್ಯಾಷನಲ್ ಲೀಗಿನ ಎಂಟು ಸ್ಥಾನಗಳಲ್ಲಿ ಏಳು ರೆಡ್ಸ್ ಪಾಲಾದವು. ಹೊರಗಿನವರೆಂದರೆ ಸ್ಟ್ಯಾನ್ ಮ್ಯೂಸಿಯಲ್ ಒಬ್ಬರೇ. ಬೇಸ್‌ಬಾಲ್ ಆಡಳಿತದ ಮುಖ್ಯಸ್ಥರಾದ ಕಮಿಷನರ್ ಫೋರ್ಡ್ ಫ್ರಿಕ್ ಅವರು, ಗಸ್ ಬೆಲ್ ಮತ್ತು ವಾಲಿ ಪೋಸ್ಟ್ ಅವರನ್ನು ಸರಿಸಿ ವಿಲ್ಲಿ ಮೇಸ್, ಹ್ಯಾಂಕ್ ಆರನ್ ಅವರನ್ನು ಕೂರಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಒಪ್ಪಬಹುದಿತ್ತು. ಒಂದು ಊರಿನ ತಪ್ಪಿಗೆ ಇಡೀ ದೇಶದ ಅಭಿಮಾನಿಗಳ ಮತದ ಹಕ್ಕನ್ನೇ ಕಿತ್ತುಕೊಂಡರು. ಅದು ಮರಳಿ ಸಿಕ್ಕಿದ್ದು 1970ರಲ್ಲಿ.

ಈಗ ನಿಮ್ಮ ಪರಿಣತರ ಕಡೆ ಬರೋಣ. ಮೇಸ್ ಮತ್ತು ಆರನ್ ಅವರನ್ನು ಗುರುತಿಸಲಾರದ ಜನ ಎಂದಲ್ಲವೇ ಅಭಿಮಾನಿಗಳನ್ನು ಹಳಿದದ್ದು? 1979ರಲ್ಲಿ ಮೇಸ್ ಹೆಸರು ಸಾರ್ವಕಾಲಿಕ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಆಯ್ಕೆಗೆ ಬಂತು. ಅಲ್ಲಿ ಮತ ಹಾಕುವವರು ವರ್ಷಾನುಗಟ್ಟಲೆ ಆಟವನ್ನೇ ಬರೆದು ಬದುಕಿದ ಪತ್ರಕರ್ತರು. 432 ಮಂದಿಯಲ್ಲಿ 23 ಮಂದಿ ಮೇಸ್ ಅವರಿಗೆ ಮತ ಕೊಡಲಿಲ್ಲ. 1982ರಲ್ಲಿ 755 ಹೋಮ್ ರನ್‌ಗಳ (ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ) ಒಡೆಯ ಆರನ್ ಅವರನ್ನೂ ಒಂಬತ್ತು ಮಂದಿ ಕೈಬಿಟ್ಟರು. ಟೆಡ್ ವಿಲಿಯಮ್ಸ್ 1942 ಮತ್ತು 1947ರಲ್ಲಿ ಬ್ಯಾಟಿಂಗ್ ಸರಾಸರಿ, ಹೋಮ್ ರನ್, ಆರ್‌ಬಿಐ (ತಮ್ಮ ಬ್ಯಾಟಿಂಗ್‌ನಿಂದ ತಂಡಕ್ಕೆ ತಂದ ರನ್) ಮೂರರಲ್ಲೂ ಲೀಗಿಗೇ ಮೊದಲಿಗರಾಗಿದ್ದರೂ ಎರಡು ಸಲವೂ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಪತ್ರಕರ್ತರು ಬೇರೆಯವರಿಗೆ ಕೊಟ್ಟರು. ಇವರ ಮತದ ಹಕ್ಕನ್ನು ಯಾರಾದರೂ ಕಿತ್ತುಕೊಂಡರೇ?

ಇನ್ನು ಹೆಸರು ನೋಡಿ ಮತ ಹಾಕುವ ಮಾತು. 1970ರಲ್ಲಿ ಮತಪತ್ರದಲ್ಲಿ ಹೆಸರೇ ಇಲ್ಲದಿದ್ದ ರಿಕೋ ಕಾರ್ಟಿಯನ್ನು ಜನ ಕೈಯಾರೆ ಬರೆದು ಗೆಲ್ಲಿಸಿದರು. ಆ ವರ್ಷ ನ್ಯಾಷನಲ್ ಲೀಗಿನ ಬ್ಯಾಟಿಂಗ್ ಪಟ್ಟ .366 ಸರಾಸರಿಯೊಂದಿಗೆ ಅವರದೇ ಆಯಿತು. 1974ರಲ್ಲಿ ಹಾಗೆಯೇ ಬರೆಸಿಕೊಂಡು ಬಂದ ಸ್ಟೀವ್ ಗಾರ್ವಿ ಆ ಪಂದ್ಯದ ಶ್ರೇಷ್ಠ ಆಟಗಾರರಾದರು. 2015ರಲ್ಲಿ ಎಂಟು ಮಂದಿ ಕಾನ್ಸಾಸ್ ಸಿಟಿ ಆಟಗಾರರು ಮುಂದಿದ್ದಾರೆಂದು ಗದ್ದಲವೆದ್ದಿತ್ತು, ನಿಜ. ಮತ ಮುಗಿಯುವಾಗ ಅವರಲ್ಲೊಬ್ಬರಾದ ಓಮರ್ ಇನ್ಫಾಂಟೆಯನ್ನು ಬೇರೆ ತಂಡದ ಹೋಸೆ ಅಲ್ಟೂವೆ ಹಿಂದಿಕ್ಕಿದ್ದರು.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು 2001ರ ಸಿಯಾಟಲ್ ಪಂದ್ಯ. ನಲವತ್ತು ವರ್ಷದ ಕ್ಯಾಲ್ ರಿಪ್ಕನ್ ಅವರ ಕೊನೆಯ ಋತು. ಅಂಕಿಅಂಶ ನೋಡಿದರೆ ಅವರಿಗೆ ಅಲ್ಲಿ ಜಾಗವಿರಲಿಲ್ಲ. ಜನ ಮತ ಹಾಕಿ ಮೂರನೇ ಬೇಸ್ ಕಾಯುವ ಸ್ಥಾನಕ್ಕೆ ಕಳಿಸಿದರು. ಆಟ ಶುರುವಾಗುವ ಹೊತ್ತಿಗೆ ಶಾರ್ಟ್‌ಸ್ಟಾಪ್‌ನಲ್ಲಿದ್ದ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಜಾಗ) ಅಲೆಕ್ಸ್ ರೊಡ್ರಿಗಸ್ ಬಂದು, ನಿಮ್ಮ ಹಳೆಯ ಜಾಗಕ್ಕೆ ಹೋಗಿ ಎಂದು ಅವರನ್ನು ತಳ್ಳಿ ತಾವು ಮೂರನೇ ಬೇಸ್‌ನತ್ತ ಸರಿದರು. ಮೂರನೇ ಇನಿಂಗ್ಸ್‌ನಲ್ಲಿ ರಿಪ್ಕನ್ ಬ್ಯಾಟ್ ಹಿಡಿದು ಬಂದಾಗ ಮೈದಾನವೆಲ್ಲ ಎದ್ದು ನಿಂತಿತ್ತು. ಪಾರ್ಕ್ ಚಾನ್ ಹೋ ಎಸೆದ ಮೊದಲ ಚೆಂಡೇ ಎಡಗಡೆಯ ಬೇಲಿ ದಾಟಿತು. ಯಾವ ಸಮಿತಿ ಈ ಗಳಿಗೆಯನ್ನು ಏರ್ಪಡಿಸುತ್ತಿತ್ತು, ಹೇಳಿ?

ಒಂದು ವಿಷಯ ನೋಡಿ. 2022ರಲ್ಲಿ ಕಮಿಷನರ್ ತಾವೇ ಹಿರಿಯರಾದ ಆಲ್ಬರ್ಟ್ ಪುಹೋಲ್ಸ್ ಮತ್ತು ಮಿಗೆಲ್ ಕಬ್ರೇರಾ ಅವರನ್ನು ವಿಶೇಷವಾಗಿ ಸೇರಿಸಿದರು. ಅದು ಗೌರವ ಎನಿಸಿಕೊಂಡಿತು. ಅದೇ ಕೆಲಸವನ್ನು ಅಭಿಮಾನಿ ಮಾಡಿದರೆ ಭಾವುಕತೆ! 2025ರಲ್ಲಿ ಐದೇ ಪಂದ್ಯ ಎಸೆದಿದ್ದ ಜೇಕಬ್ ಮಿಸಿಯೊರೊವ್ಸ್ಕಿಯನ್ನು ಸೇರಿಸಿದ್ದಕ್ಕೆ ಆಟಗಾರರೇ ಸಿಡಿಮಿಡಿಗೊಂಡರು. ಆ ಆಯ್ಕೆಯಲ್ಲಿ ಅಭಿಮಾನಿಗಳ ಕೈ ಇರಲಿಲ್ಲ.

ಈ ತಾತ್ಸಾರ ಬೇಸ್‌ಬಾಲಿಗೆ ಸೀಮಿತವಲ್ಲ ಎಂಬುದೇ ನನ್ನ ಸಂಕಟ. ಟಿಕೆಟ್ ಕೊಂಡು ಬಿಸಿಲಲ್ಲಿ ಕೂರುವವನು, ಚಂದಾ ಕಟ್ಟಿ ಪತ್ರಿಕೆ ಓದುವವನು, ನಾಟಕಕ್ಕೆ ಮನೆಮಂದಿಯನ್ನೆಲ್ಲ ಕರೆತರುವವನು ಎಲ್ಲರಿಗೂ ಬೇಕು. ಅವನ ಅಭಿಪ್ರಾಯ ಮಾತ್ರ ಯಾರಿಗೂ ಬೇಡ. ನಮ್ಮಲ್ಲಿ ಪ್ರಶಸ್ತಿಗಳನ್ನು ಮುಚ್ಚಿದ ಬಾಗಿಲ ಹಿಂದೆ ನಾಲ್ಕು ಮಂದಿ ಹಂಚುತ್ತಾರೆ, ಕಾರಣ ಕೇಳಿದರೆ ಮುನಿಯುತ್ತಾರೆ. ನಿಮ್ಮಂಥ ವಿಚಾರವಂತರೂ ಆ ಬಾಗಿಲ ಪರವಾಗಿ ನಿಂತದ್ದು ನನಗೆ ಬೇಸರ ತರಿಸಿತು.

ಅಂದಹಾಗೆ, ನೀವು ಮತ ಹಾಕಿದ್ದೀರೋ ಇಲ್ಲವೋ ಎಂದು ಪತ್ರದಲ್ಲಿ ಬರೆದಿಲ್ಲ. ಹಾಕಿಲ್ಲವಾದರೆ ಮುಂದಿನ ಬೇಸಿಗೆಯಲ್ಲಿ ಹಾಕಿ. ಚೆಂಡು ಎಸೆಯುವ ಪಿಚರ್‌ಗಳನ್ನು ಆರಿಸುವ ಅವಕಾಶ ಇಂದಿಗೂ ಅಭಿಮಾನಿಗಳಿಗಿಲ್ಲ. ಭಾನುವಾರ ತಮ್ಮ ತಂಡಕ್ಕೆ ಎಸೆದವರು ಆಲ್‌ಸ್ಟಾರ್ ನಡೆಯುವ ಮಂಗಳವಾರ ಎಸೆಯಲಾರರು ಎಂಬುದು ಅದಕ್ಕೆ ಅಡ್ಡಿಯಾಗಬೇಕಿಲ್ಲ, ಬದಲಿಯವರನ್ನು ಈಗಲೂ ಹೆಸರಿಸುತ್ತಾರಲ್ಲ. ಪಿಚರ್‌ಗಳ ಆಯ್ಕೆಯನ್ನೂ ಅಭಿಮಾನಿಗಳಿಗೇ ಬಿಡಬೇಕೆಂದು ನಾನು ಕೇಳುತ್ತೇನೆ.